ನ್ಯಾಯವಾಙ್ಮಯದ ನೂತನ ಭಂಡಾರಗಳು ಮತ್ತು ಪಾಠಪ್ರಾಮಾಣ್ಯ

೧

ಕನ್ನಡದಲ್ಲಿ ‘ಶಾಸನ’ವೆಂಬ ಶಬ್ದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಕಲ್ಲಿನ ಮೇಲೆಯೋ ತಾಮ್ರಪಟದ ಮೇಲೆಯೋ ಕೊರೆದ ಲೇಖವು ಒಂದು. ಪ್ರಜೆಗಳನ್ನು ಕಟ್ಟುಪಡಿಸುವ ಕಟ್ಟಳೆಯು ಮತ್ತೊಂದು. ದತ್ತಿಯನ್ನು ಬಿಟ್ಟವರು ಅದರ ನಿಬಂಧನೆಗಳನ್ನು ಕಲ್ಲಿನಲ್ಲಿ ಬರೆಯಿಸಿ ದೇವಾಲಯದ ಮುಂದೆ ನಿಲ್ಲಿಸುತ್ತಿದ್ದುದು, ಅವು ಎಲ್ಲರ ಕಣ್ಣಿಗೂ ಬೀಳಲಿ, ಮುಂದೆ ಯಾರೂ ಅರಿಯೆವೆನ್ನದಿರಲಿ ಎಂಬ ಉದ್ದೇಶದಿಂದಲೇ. ಕಟ್ಟಳೆಯೂ ಅದರ ಪ್ರಕಟನೆಯೂ ಒಂದೇ ಶಬ್ದದಲ್ಲಿ ಅಡಗಿರುವುದು ಅರ್ಥವತ್ತಾಗಿದೆ.

ಕಾನೂನನ್ನು ಅರಿಯೆನೆಂಬುದು ತಪ್ಪಿಗೆ ಸಮಾಧಾನವಾಗದೆಂಬ ನ್ಯಾಯವು ಲೋಕಪ್ರಸಿದ್ಧವಾದುದು. ಆದರೆ ಅರಿಯುವುದಕ್ಕೆ ಸಾಧನವನ್ನೇ ಒದಗಿಸದೆ ಅರಿಯಲಿಲ್ಲವೆಂದು ದಂಡಿಸುವುದು ನ್ಯಾಯವಾಗಲಾರದು. ೧೯೨೩ರಲ್ಲಿ ಜಯಪುರ ಸಂಸ್ಥಾನದ ಮಂತ್ರಿಮಂಡಲವು ಅಫೀಮಿಗೆ ಸಂಬಂಧಿಸಿದ ಕಾಯಿದೆಯೊಂದನ್ನು ನಿರ್ಣಯದ ಮೂಲಕ ಅಂಗೀಕರಿಸಿತು; ಆದರೆ ಅದನ್ನು ಎಲ್ಲಿಯೂ ಪ್ರಕಟಿಸಲಿಲ್ಲ. ಆ ಕಾಯಿದೆಯ ಮೇರೆಗೆ ದಂಡಿತನಾದ ಹರಲಾ ಎಂಬವನ ಮೇಲ್ಮನವಿಯು ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ, ೧೯೫೧ರಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸರು, ಜನರಿಗೆ ತಿಳಿಯುವಂತೆ ಯಾವುದಾದರೊಂದು ಯುಕ್ತರೀತಿಯಲ್ಲಿ ಪ್ರಕಟವಾಗದ ಕಟ್ಟಳೆಯು ಕಾನೂನಿನ ಬಲವನ್ನು ಪಡೆಯಲಾರದೆಂದು ನಿರ್ಣಯಿಸಿ ಆ ಶಿಕ್ಷೆಯನ್ನು ರದ್ದುಗೊಳಿಸಿದರು. ಪ್ರಕಟನೆಯಿಲ್ಲದೆ ಶಾಸನವಿಲ್ಲವೆಂಬ ಈ ತತ್ತ್ವವೇ ನ್ಯಾಯಗ್ರಂಥಾಲಯಗಳಿಗೆಲ್ಲ ಮೂಲಾಧಾರವೆನ್ನಬಹುದು.

ಕಳೆದ ಕೆಲವು ವರ್ಷಗಳಲ್ಲಿ ಭಾರತದ ಕಾನೂನುಗಳನ್ನೂ ತೀರ್ಪುಗಳನ್ನೂ ಅಂತರ್ಜಾಲದಲ್ಲಿ ಉಚಿತವಾಗಿ ಓದಲನುಕೂಲವಾಗುವ ಹಲವು ಹೊಸ ಭಂಡಾರಗಳು ಏರ್ಪಟ್ಟಿವೆ. ವಕೀಲರಿಗೂ ನ್ಯಾಯಶಾಸ್ತ್ರದ ವಿದ್ಯಾರ್ಥಿಗಳಿಗೂ ಇವು ಬಹೂಪಯೋಗಿಗಳು. ಇವುಗಳ ಸ್ವರೂಪವನ್ನೂ ಪ್ರಾಮಾಣ್ಯದ ತಾರತಮ್ಯವನ್ನೂ ತಿಳಿಸುವುದು ಈ ಲೇಖನದ ಉದ್ದೇಶ. ಸಾಹಿತ್ಯವನ್ನು ವ್ಯಾಸಂಗ ಮಾಡುವವರಿಗೆ ಈ ವಿಚಾರವು ಹೊರಗಿನದೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಈ ಭಂಡಾರಗಳನ್ನು ಸರಿಯಾಗಿ ಬಳಸಲು ಬೇಕಾದ ವಿದ್ಯೆಯು ಗ್ರಂಥಸಂಪಾದನೆಯ ವಿದ್ಯೆಗೆ ತೀರ ಸಮೀಪವಾದುದು. ಅವುಗಳಲ್ಲಿ ಈಗ ಸೇರುತ್ತಿರುವ ಕನ್ನಡ ಪಾಠಗಳ ಗುಣದೋಷಗಳನ್ನು ಕನ್ನಡ ಬಲ್ಲವರಲ್ಲದೆ ಬೇರೆಯವರು ವಿವೇಚಿಸಲಾರರು.

೨

ಹೊಸದರ ಬೆಲೆಯನ್ನು ಅರಿಯಲು ಹಿಂದಿನ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ಬ್ರಿಟಿಷರ ಆಳಿಕೆಯಲ್ಲಿ ತೀರ್ಪುಗಳ ವರದಿಗಳನ್ನು ಹಲವರು ಹಲವು ರೀತಿಯಲ್ಲಿ ಅಚ್ಚುಹಾಕುತ್ತಿದ್ದುದರಿಂದ ಗೊಂದಲವುಂಟಾಗಿ, ೧೮೭೫ರಲ್ಲಿ ಇಂಡಿಯನ್ ಲಾ ರಿಪೋರ್ಟ್ಸ್ ಕಾಯಿದೆಯು ಜಾರಿಗೆ ಬಂದಿತು. ಸರ್ಕಾರದ ಅಧಿಕಾರದಿಂದ ಪ್ರಕಟವಾಗುವ ವರದಿಗಳ ಮಾಲೆಯು ೧೮೭೬ರಿಂದ ಕಲ್ಕತ್ತಾ, ಮದರಾಸು, ಮುಂಬಯಿ, ಅಲಹಾಬಾದುಗಳ ಉಚ್ಚ ನ್ಯಾಯಾಲಯಗಳಿಗೆ ಪ್ರತ್ಯೇಕವಾಗಿ ಹೊರಡತೊಡಗಿತು. ಖಾಸಗಿ ವರದಿಗಳು ಇದರಿಂದ ನಿಲ್ಲಲಿಲ್ಲ. ೧೯೧೪ರಿಂದ ‘ಆಲ್ ಇಂಡಿಯಾ ರಿಪೋರ್ಟರ್’, ೧೯೬೯ರಿಂದ ‘ಸುಪ್ರೀಂ ಕೋರ್ಟ್ ಕೇಸಸ್’ ಮುಂತಾದ ಮಾಲೆಗಳು ವಕೀಲರ ಕೈಪುಸ್ತಕಗಳಾದವು. ಸರ್ವೋಚ್ಚ ನ್ಯಾಯಾಲಯದ ಅಧಿಕೃತ ವರದಿಯಾದ ‘ಸುಪ್ರೀಂ ಕೋರ್ಟ್ ರಿಪೋರ್ಟ್ಸ್’ ೧೯೫೦ರಿಂದ ನಡೆದುಬಂದಿದೆ.

ಕನ್ನಡನಾಡಿನ ವಕೀಲನಿಗಾದರೋ ತೊಡಕು ಇನ್ನೂ ಹೆಚ್ಚಿನದಾಗಿದ್ದಿತು. ೧೯೫೬ಕ್ಕೆ ಮೊದಲು ಈ ನಾಡು ಹಲವು ನ್ಯಾಯಾಧಿಕಾರಗಳಲ್ಲಿ ಹಂಚಿಹೋಗಿದ್ದುದು ವಾಚಕರಿಗೆ ವಿದಿತವೇ ಸರಿ. ಹಳೆಯ ಮೈಸೂರಿಗೆ ೧೮೮೪ರಲ್ಲಿ ಏರ್ಪಟ್ಟ ಚೀಫ್ ಕೋರ್ಟೂ ೧೯೩೦ರಿಂದ ಅದೇ ಉಚ್ಚ ನ್ಯಾಯಾಲಯವೆಂಬ ಹೆಸರಿನಲ್ಲಿಯೂ ಇದ್ದವು. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳು ಮುಂಬಯಿಗೂ, ದಕ್ಷಿಣ ಕನ್ನಡವು ಮದರಾಸಿಗೂ ಅಧೀನವಾಗಿದ್ದವು. ಬಳ್ಳಾರಿಯು ೧೯೫೩ರವರೆಗೆ ಮದರಾಸಿನಲ್ಲಿದ್ದು ಅನಂತರ ಮೈಸೂರಿಗೆ ಸೇರಿತು. ಬೀದರ, ಕಲಬುರಗಿ, ರಾಯಚೂರುಗಳಲ್ಲಿ ನಿಜಾಮರ ನ್ಯಾಯಾಲಯಗಳ ವ್ಯವಹಾರವು ಉರ್ದುವಿನಲ್ಲಿ ನಡೆಯುತ್ತಿದ್ದಿತು. ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆಯೂ, ಹೊಸ ಕಾನೂನು ಬರುವವರೆಗೆ ಆಯಾ ಪ್ರದೇಶದ ಹಳೆಯ ಕಾನೂನುಗಳೇ ಅಲ್ಲಲ್ಲಿ ಮುಂದುವರಿದವು. ಆದುದರಿಂದ ಜಮೀನಿನ ಹಕ್ಕಿನಂತಹ ಒಂದು ಪ್ರಶ್ನೆಯನ್ನು ಬಿಡಿಸಲು ಮುಂಬಯಿಯ ಕಾಯಿದೆ, ಮದರಾಸಿನ ವರದಿ, ಹೈದರಾಬಾದಿನ ಹುಕುಂ ಎಲ್ಲವನ್ನೂ ತಡಕಬೇಕಾಗುತ್ತಿದ್ದಿತು. ಇಷ್ಟು ಸಂಪುಟಗಳನ್ನು ಕೊಂಡಿಡುವ ಶಕ್ತಿಯು ದೊಡ್ಡ ಊರುಗಳ ಕೆಲವು ವಕೀಲರ ಸಂಘಗಳಿಗೆ ಮಾತ್ರ ಇರಬಹುದಾಗಿದ್ದಿತು. ತಾಲ್ಲೂಕಿನ ಊರಿನಲ್ಲಿ ವೃತ್ತಿಯನ್ನು ಆರಂಭಿಸಿದ ತರುಣ ವಕೀಲನು ಹಿರಿಯರ ಕಪಾಟನ್ನೇ ನೆಚ್ಚಬೇಕಾಗಿದ್ದಿತು.

೩

ಹೊಸ ಭಂಡಾರಗಳಲ್ಲಿ ಮೊದಲನೆಯ ವರ್ಗವು ಶಾಸನಪಾಠಗಳದು. ಕೇಂದ್ರ ಸರ್ಕಾರದ ‘ಇಂಡಿಯಾ ಕೋಡ್’ ಎಂಬ ತಾಣದಲ್ಲಿ ಕೇಂದ್ರದ ಅಧಿನಿಯಮಗಳೂ ರಾಜ್ಯಗಳ ಅನೇಕ ಅಧಿನಿಯಮಗಳೂ ಪ್ರಕರಣ ಪ್ರಕರಣವಾಗಿ ಬಿಡಿಸಲ್ಪಟ್ಟು ದೊರೆಯುತ್ತವೆ. ಅವುಗಳ ಮೇರೆಗೆ ರಚಿತವಾದ ನಿಯಮಗಳನ್ನೂ ಅಧಿಸೂಚನೆಗಳನ್ನೂ ಜೊತೆಯಲ್ಲಿ ಸೇರಿಸುವ ಏರ್ಪಾಡಿದೆ. ಕರ್ನಾಟಕ ಸರ್ಕಾರದ ಸಂಸದೀಯ ವ್ಯವಹಾರಗಳ ಮತ್ತು ಶಾಸನ ರಚನೆ ಇಲಾಖೆಯ ತಾಣದಲ್ಲಿ ರಾಜ್ಯದ ಅಧಿನಿಯಮಗಳು ಇಂಗ್ಲಿಷಿನಲ್ಲಿಯೂ ಕನ್ನಡದಲ್ಲಿಯೂ ಇವೆ. ಕನ್ನಡ ವಿದ್ಯಾರ್ಥಿಗೆ ಈ ಎರಡು ಪಾಠಗಳನ್ನು ಎದುರೆದುರಿಗೆ ಇಟ್ಟುಕೊಂಡು ಓದುವುದಕ್ಕಿಂತ ಒಳ್ಳೆಯ ಅಭ್ಯಾಸವು ಬೇರೊಂದಿಲ್ಲ.

ಇವುಗಳಿಗೆಲ್ಲ ಮೂಲವು ರಾಜಪತ್ರ. ಭಾರತದ ರಾಜಪತ್ರವನ್ನು ಕಾಗದದ ಮೇಲೆ ಅಚ್ಚುಹಾಕುವುದನ್ನು ೨೦೧೫ರ ಅಕ್ಟೋಬರಿನಿಂದ ನಿಲ್ಲಿಸಿ ವಿದ್ಯುನ್ಮಾನರೂಪದಲ್ಲಿಯೇ ಪ್ರಕಟಿಸಲಾಗುತ್ತಿದೆ. ೨೦೦೦ದ ಮಾಹಿತಿ ತಂತ್ರಜ್ಞಾನ ಅಧಿನಿಯಮದ ೮ನೆಯ ಪ್ರಕರಣವು ಇಂತಹ ಪ್ರಕಟನೆಗೆ ಮುದ್ರಿತ ಪ್ರಕಟನೆಯ ಬೆಲೆಯನ್ನೇ ಕೊಟ್ಟಿದೆ. ಈ ಬದಲಾವಣೆಯಿಂದ ಹೊಸದೊಂದು ಪ್ರಶ್ನೆಯು ಹುಟ್ಟಿತು. ೨೦೧೯ರ ಫೆಬ್ರವರಿ ೧೬ರಂದು ಪಾಕಿಸ್ತಾನದಿಂದ ಬರುವ ಸರಕುಗಳ ಮೇಲಿನ ಸುಂಕವನ್ನು ಶೇಕಡ ೨೦೦ಕ್ಕೆ ಏರಿಸುವ ಅಧಿಸೂಚನೆಯು ರಾತ್ರಿ ೮ ಗಂಟೆ ೪೬ ನಿಮಿಷ ೫೮ ಸೆಕೆಂಡಿಗೆ ವಿದ್ಯುನ್ಮಾನ ರಾಜಪತ್ರದಲ್ಲಿ ಪ್ರಕಟವಾಯಿತು. ಅದೇ ದಿನ ಅದಕ್ಕೆ ಮೊದಲೇ ಅಟ್ಟಾರಿಯ ಸುಂಕದ ಕಟ್ಟೆಯಲ್ಲಿ ಕಾಗದಪತ್ರಗಳನ್ನು ಒಪ್ಪಿಸಿದ್ದ ವರ್ತಕರು ಹೊಸ ಸುಂಕವನ್ನು ಕೊಡಬೇಕೆ? ಇಡೀ ದಿನವನ್ನು ಒಂದು ಘಟಕವೆಂದೆಣಿಸುವ ಹಳೆಯ ವಾಡಿಕೆಯನ್ನು ಸರ್ವೋಚ್ಚ ನ್ಯಾಯಾಲಯವು ೨೦೨೦ರಲ್ಲಿ ಇಲ್ಲಿಗೆ ಅನ್ವಯಿಸದೆ, ಪ್ರಕಟವಾದ ಕ್ಷಣದಿಂದಲೇ ಅಧಿಸೂಚನೆಗೆ ಬಲವುಂಟು, ಅದಕ್ಕೆ ಹಿಂದಿನ ವ್ಯವಹಾರಕ್ಕೆ ಅದು ಸಲ್ಲದೆಂದು ತೀರ್ಮಾನಿಸಿತು. ಶಾಸನದ ಕಾಲನಿರ್ಣಯವು ಶಕವರ್ಷ, ಸಂವತ್ಸರ, ತಿಥಿ, ವಾರಗಳಿಂದ ಈಗ ಸೆಕೆಂಡಿನವರೆಗೂ ಬಂದಿದೆಯೆಂದು ಶಾಸನಶೋಧಕರು ಇದನ್ನು ಗಮನಿಸಬಹುದು.

ಕಾಲವಿವೇಚನೆಯ ಆವಶ್ಯಕತೆಗೆ ಇನ್ನೊಂದು ದೃಷ್ಟಾಂತವು ದಂಡಶಾಸನದ್ದು. ೧೮೬೦ರ ಭಾರತೀಯ ದಂಡಸಂಹಿತೆಯ ೫೧೧ ಪ್ರಕರಣಗಳ ಸ್ಥಾನದಲ್ಲಿ ೩೫೮ ಪ್ರಕರಣಗಳ ಭಾರತೀಯ ನ್ಯಾಯ ಸಂಹಿತೆಯು ೨೦೨೪ರ ಜುಲೈ ೧ರಿಂದ ಜಾರಿಗೆ ಬಂದಿತು. ಕೊಲೆಯ ಶಿಕ್ಷೆಯನ್ನು ಹೇಳುವ ೩೦೨ನೆಯ ಪ್ರಕರಣವು ಈಗ ೧೦೩ ಆಗಿದೆ. ಜನರ ಆಡುಮಾತಿನಲ್ಲಿ ಮೋಸಕ್ಕೆ ಪರ್ಯಾಯಪದವೇ ಆಗಿಹೋದ ‘ನಾನೂರಿಪ್ಪತ್ತು’ ಈಗ ೩೧೮ನೆಯ ಪ್ರಕರಣದ ೪ನೆಯ ಉಪಪ್ರಕರಣದಲ್ಲಿ ಸೇರಿದೆ. ಆದರೆ ಆ ದಿನಕ್ಕೆ ಹಿಂದೆ ನಡೆದ ಅಪರಾಧಕ್ಕೆ ಹಳೆಯ ಸಂಹಿತೆಯೇ ಅನ್ವಯಿಸುವುದರಿಂದ, ರದ್ದಾದ ಗ್ರಂಥವನ್ನೂ ಬಹುಕಾಲ ಕೈಯಳತೆಯಲ್ಲಿಟ್ಟಿರಬೇಕು. ಇಂದಿನ ಪಾಠವನ್ನು ಮಾತ್ರ ತೋರಿಸಿ ನಿನ್ನೆಯದನ್ನು ಅಳಿಸುವ ಭಂಡಾರವು ನ್ಯಾಯಾಲಯದ ಕೆಲಸಕ್ಕೆ ಅರೆಯಾದುದು. ತಿದ್ದುಪಡಿಗಳ ಅಡಿಟಿಪ್ಪಣಿಗಳನ್ನು ವಿದ್ಯಾರ್ಥಿಗಳು ಸಾಮಾನ್ಯವಾಗಿ ದಾಟಿಹೋಗುವರು. ಪಾಠಾಂತರಗಳಿಗೆ ಕೊಡುವ ಗಮನವನ್ನು ಅವುಗಳಿಗೂ ಕೊಡಬೇಕು.

೪

ಎರಡನೆಯ ವರ್ಗವು ತೀರ್ಪುಗಳದು. ಸರ್ವೋಚ್ಚ ನ್ಯಾಯಾಲಯವು ೨೦೨೩ರ ಜನವರಿಯಲ್ಲಿ ‘ಇ-ಎಸ್‌ಸಿಆರ್’ ಎಂಬ ಹೆಸರಿನಿಂದ ತನ್ನ ಅಧಿಕೃತ ವರದಿಯ ಸುಮಾರು ೩೪,೦೦೦ ತೀರ್ಪುಗಳನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿತು. ನ್ಯಾಯಾಲಯದ ಎಪ್ಪತ್ತೈದನೆಯ ವರ್ಷದ ಉತ್ಸವವು ೨೦೨೪ರ ಜನವರಿಯಲ್ಲಿ ಆರಂಭವಾದಾಗ ಅದು ‘ಡಿಜಿಟಲ್ ಎಸ್‌ಸಿಆರ್’ ಆಗಿ ವಿಸ್ತಾರಗೊಂಡಿತು. ೧೯೫೦ರಿಂದ ಅಂದಿನವರೆಗಿನ ೫೧೯ ಸಂಪುಟಗಳ ೩೬,೩೦೮ ಪ್ರಕರಣಗಳು ಅದರಲ್ಲಿ ಅಡಕವಾಗಿದ್ದವು. ಪದವನ್ನೋ ಪಕ್ಷಗಾರರ ಹೆಸರನ್ನೋ ಇಸವಿಯನ್ನೋ ಕೊಟ್ಟು ಹುಡುಕಬಹುದು. ಇದಲ್ಲದೆ ೨೦೦೮ರಲ್ಲಿ ಆರಂಭವಾದ ‘ಇಂಡಿಯನ್ ಕಾನೂನ್’ ಎಂಬ ಖಾಸಗಿ ತಾಣವು ಅಧಿನಿಯಮಗಳನ್ನೂ ತೀರ್ಪುಗಳನ್ನೂ ಪರಸ್ಪರ ಜೋಡಿಸಿ ಕೊಟ್ಟುದರಿಂದ ವಿದ್ಯಾರ್ಥಿಗಳಲ್ಲಿ ಬಹಳ ಬಳಕೆಗೆ ಬಂದಿದೆ. ಕೆಳಗಿನ ನ್ಯಾಯಾಲಯಗಳ ಮೊಕದ್ದಮೆಯ ಸ್ಥಿತಿಯನ್ನೂ ಆದೇಶಗಳನ್ನೂ ‘ಇ-ಕೋರ್ಟ್ಸ್’ ತಾಣದಲ್ಲಿ ನೋಡಬಹುದು. ರಾಜ್ಯಾಂಗರಚನಾ ಸಭೆಯ ೧೨ ಸಂಪುಟಗಳ ಚರ್ಚೆಗಳನ್ನು ಬೆಂಗಳೂರಿನ ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್ ಸಂಸ್ಥೆಯವರು ಅನುಕ್ರಮಸಂಖ್ಯೆಯೊಡನೆ, ಹುಡುಕಲನುಕೂಲವಾಗುವಂತೆ ಪ್ರಕಟಿಸಿರುವರು. ರಾಜ್ಯಾಂಗದ ಒಂದೊಂದು ಅನುಚ್ಛೇದದ ಹುಟ್ಟನ್ನು ತಿಳಿಯಬಯಸುವವರಿಗೆ ಇದು ಅಮೂಲ್ಯವಾದ ಸಾಮಗ್ರಿ.

ತೀರ್ಪುಗಳನ್ನು ಹೀಗೆ ಯಾರು ಬೇಕಾದರೂ ಪ್ರಕಟಿಸಬಹುದೇ ಎಂಬ ಶಂಕೆಯು ಸಹಜ. ೧೯೫೭ರ ಗ್ರಂಥಸ್ವಾಮ್ಯ ಅಧಿನಿಯಮದ ೫೨ನೆಯ ಪ್ರಕರಣದಂತೆ, ನ್ಯಾಯಾಲಯವೇ ನಿಷೇಧಿಸದ ಹೊರತು ತೀರ್ಪನ್ನು ಮುದ್ರಿಸುವುದರಿಂದ ಸ್ವಾಮ್ಯಭಂಗವಾಗದು. ಆದರೆ ವರದಿಯ ಸಂಪಾದಕನು ಬರೆಯುವ ಶಿರೋಲೇಖ, ಅವನು ತನ್ನ ವಿವೇಚನೆಯಿಂದ ಮಾಡುವ ಖಂಡವಿಭಾಗ ಮುಂತಾದುವು ಅವನ ಕೃತಿಯೆಂದು ಈಸ್ಟರ್ನ್ ಬುಕ್ ಕಂಪನಿ ಮತ್ತು ಮೋದಕ್ ಎಂಬ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೦೭ರ ಡಿಸೆಂಬರಿನಲ್ಲಿ ನಿರ್ಣಯಿಸಿತು. ಈ ಭೇದವು ಓದುಗನಿಗೂ ಮುಖ್ಯವಾದುದು. ಶಿರೋಲೇಖವು ನ್ಯಾಯಮೂರ್ತಿಯ ಮಾತಲ್ಲ. ಕಾವ್ಯದ ಪದ್ಯಕ್ಕೆ ಬದಲಾಗಿ ಟೀಕಾಕಾರನ ವಾಕ್ಯವನ್ನು ಕವಿವಾಣಿಯೆಂದು ಉದ್ಧರಿಸುವುದು ಎಂತಹ ಪ್ರಮಾದವೋ, ಶಿರೋಲೇಖವನ್ನು ತೀರ್ಪೆಂದು ಉದ್ಧರಿಸುವುದೂ ಅಂತಹುದೇ.

ಉಲ್ಲೇಖಕ್ರಮದಲ್ಲಿಯೂ ಒಂದು ಸುಧಾರಣೆಯಾಗಿದೆ. ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತಿ ಸ್ವಾಮಿಗಳ ಹೆಸರಿನಿಂದ ಪ್ರಸಿದ್ಧವಾದ, ೧೯೭೩ರ ಏಪ್ರಿಲ್ ೨೪ರಂದು ಹದಿಮೂರು ಮಂದಿ ನ್ಯಾಯಮೂರ್ತಿಗಳು ಕೊಟ್ಟ ತೀರ್ಪನ್ನೇ ತೆಗೆದುಕೊಳ್ಳೋಣ. ಒಂದು ವರದಿಯಲ್ಲಿ ಅದು ೧೪೬೧ನೆಯ ಪುಟದಲ್ಲಿ, ಮತ್ತೊಂದರ ನಾಲ್ಕನೆಯ ಸಂಪುಟದ ೨೨೫ನೆಯ ಪುಟದಲ್ಲಿ, ಅಧಿಕೃತ ವರದಿಯ ಅನುಬಂಧ ಸಂಪುಟದ ಮೊದಲನೆಯ ಪುಟದಲ್ಲಿ ಇದೆ. ಒಬ್ಬ ವಕೀಲನು ಒಂದನ್ನು ಉಲ್ಲೇಖಿಸಿದರೆ, ಬೇರೆ ಮಾಲೆಯನ್ನು ಇಟ್ಟುಕೊಂಡವನು ಕೋಷ್ಟಕಗಳನ್ನು ಹುಡುಕಬೇಕಾಗುತ್ತಿದ್ದಿತು. ಈ ಕಷ್ಟವನ್ನು ತಪ್ಪಿಸಲು ಸರ್ವೋಚ್ಚ ನ್ಯಾಯಾಲಯವು ೨೦೨೩ರಲ್ಲಿ ಯಾವ ಪ್ರಕಾಶಕರನ್ನೂ ಅವಲಂಬಿಸದ ತಟಸ್ಥ ಉಲ್ಲೇಖಸಂಖ್ಯೆಯನ್ನು ಜಾರಿಗೆ ತಂದಿತು. ಇಸವಿ, ‘ಐಎನ್‌ಎಸ್‌ಸಿ’ ಎಂಬ ಸಂಕೇತ, ಅನುಕ್ರಮಸಂಖ್ಯೆ, ಇಷ್ಟೇ ಅದರ ಸ್ವರೂಪ. ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ‘ಕೆಎಚ್‌ಸಿ’ ಎಂಬುದು ಸಂಕೇತ. ಧಾರವಾಡ ಮತ್ತು ಕಲಬುರಗಿ ಪೀಠಗಳ ತೀರ್ಪುಗಳಿಗೆ ಅದರ ಮುಂದೆ ಒಂದೊಂದು ಅಕ್ಷರವು ಕೂಡುವುದು.

೫

ಭಂಡಾರವು ತೆರೆದಿದ್ದ ಮಾತ್ರಕ್ಕೆ ಕಾನೂನು ತಿಳಿದಂತಾಯಿತೆ? ನಮ್ಮ ನಾಡಿನಿಂದಲೇ ಹೋದ ಒಂದು ವಿವಾದವನ್ನು ಪರೀಕ್ಷಿಸಿದರೆ ಉತ್ತರವು ಸ್ಪಷ್ಟವಾಗುವುದು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಂತೆಯೇ ಹುಟ್ಟಿನಿಂದ ಭಾಗವುಂಟೆ ಎಂಬುದು ಪ್ರಶ್ನೆ.

೧೯೫೬ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಮೂಲಪಾಠವನ್ನು ಮಾತ್ರ ಓದಿದವನು, ಮಗಳು ಸಮಾನ ಭಾಗಸ್ಥಳಲ್ಲವೆಂದು ಹೇಳುವನು. ಕರ್ನಾಟಕದ ತಿದ್ದುಪಡಿಯನ್ನು ಓದಿದವನು, ೧೯೯೪ರಿಂದ ಈ ರಾಜ್ಯದಲ್ಲಿ ಮಗಳಿಗೆ ಹಕ್ಕು ಬಂದಿತು, ಆದರೆ ಅದಕ್ಕೆ ಮುಂಚೆ ಮದುವೆಯಾದವರಿಗೆ ಇಲ್ಲ, ಎನ್ನುವನು. ೨೦೦೫ರ ಸೆಪ್ಟೆಂಬರ್ ೯ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯನ್ನು ಓದಿದವನು, ಮದುವೆಯಾದವಳು ಆಗದವಳು ಎಂಬ ಭೇದವಿಲ್ಲದೆ ಮಗಳು ಹುಟ್ಟಿನಿಂದಲೇ ಭಾಗಸ್ಥಳೆನ್ನುವನು. ಮೂವರೂ ಓದಿದ ಪಾಠಗಳು ಅಸಲಾದುವೇ. ಕಾಲ ಮಾತ್ರ ಬೇರೆ ಬೇರೆ.

ತೀರ್ಪುಗಳಿಗೆ ಬಂದರೆ ತೊಡಕು ಇನ್ನೂ ಹೆಚ್ಚುತ್ತದೆ. ೨೦೧೫ರಲ್ಲಿ ಪ್ರಕಾಶ ಮತ್ತು ಫೂಲವತಿ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು, ೨೦೦೫ರ ಆ ದಿನ ತಂದೆಯೂ ಜೀವಂತನಾಗಿದ್ದರೆ ಮಾತ್ರ ಮಗಳಿಗೆ ಆ ಹಕ್ಕು, ಎಂದಿತು. ೨೦೧೮ರಲ್ಲಿ ದಾನಮ್ಮ ಮತ್ತು ಅಮರ ವ್ಯಾಜ್ಯದಲ್ಲಿ, ತಂದೆಯು ೨೦೦೧ರಲ್ಲಿಯೇ ತೀರಿಕೊಂಡಿದ್ದರೂ ಹೆಣ್ಣುಮಕ್ಕಳಿಗೆ ಸಮಭಾಗವನ್ನು ಕೊಟ್ಟಿತು. ಇವೆರಡೂ ಕರ್ನಾಟಕ ಉಚ್ಚ ನ್ಯಾಯಾಲಯದಿಂದ ಮೇಲ್ಮನವಿಯಾಗಿ ಹೋದುವು. ಎರಡನ್ನೂ ಇಬ್ಬರು ನ್ಯಾಯಮೂರ್ತಿಗಳ ಪೀಠಗಳು ನಿರ್ಣಯಿಸಿದುವು. ಈ ವಿರೋಧವನ್ನು ಪರಿಹರಿಸಲು ಮೂವರ ಪೀಠವು ೨೦೨೦ರ ಆಗಸ್ಟ್ ೧೧ರಂದು ವಿನೀತಾ ಶರ್ಮಾ ವ್ಯಾಜ್ಯದಲ್ಲಿ, ಮಗಳ ಹಕ್ಕು ಹುಟ್ಟಿನಿಂದ ಬಂದುದಾದ್ದರಿಂದ ತಂದೆಯು ಆ ದಿನ ಬದುಕಿರಬೇಕಾಗಿಲ್ಲವೆಂದು ಹೇಳಿ ಫೂಲವತಿಯ ನಿರ್ಣಯವನ್ನು ತಳ್ಳಿಹಾಕಿತು. ೨೦೦೪ರ ಡಿಸೆಂಬರ್ ೨೦ಕ್ಕೆ ಮೊದಲೇ ನಡೆದ ವಿಭಾಗಗಳಿಗೆ ಅಧಿನಿಯಮವೇ ಕೊಟ್ಟ ರಕ್ಷಣೆಯು ಮಾತ್ರ ಉಳಿಯಿತು.

ಫೂಲವತಿಯ ತೀರ್ಪು ಇಂದಿಗೂ ಎಲ್ಲ ಭಂಡಾರಗಳಲ್ಲಿಯೂ ಮೊದಲಿನಂತೆಯೇ ಇದೆ. ಹುಡುಕುವವನು ಆ ಪುಟವನ್ನೇ ಮೊದಲು ಕಂಡು ಅಲ್ಲಿಗೆ ನಿಂತರೆ, ತನಗೆ ಭಾಗವಿಲ್ಲವೆಂದು ನಂಬಿ ಒಬ್ಬ ಹೆಣ್ಣುಮಗಳು ತನ್ನ ಹಕ್ಕನ್ನು ಬಿಟ್ಟುಕೊಟ್ಟಾಳು. ಹಿಂದಿನ ಕಾಲದಲ್ಲಿ ಪುಸ್ತಕವು ದೊರೆಯದುದರಿಂದ ಆಗುತ್ತಿದ್ದ ಹಾನಿಯು ಈಗ ಪುಸ್ತಕವು ಸುಲಭವಾಗಿ ದೊರೆಯುವುದರಿಂದಲೇ ಆಗಬಹುದು. ಆದುದರಿಂದ ಯಾವ ಪಾಠವನ್ನು ಎತ್ತಿಕೊಂಡರೂ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇದು ಯಾರ ಅಧಿಕಾರದಿಂದ ಪ್ರಕಟವಾಯಿತು? ಯಾವ ಕಾಲಕ್ಕೆ ಸಲ್ಲುವುದು? ಆಮೇಲೆ ತಿದ್ದುಪಡಿಯೋ ವಿರುದ್ಧನಿರ್ಣಯವೋ ಬಂದಿದೆಯೇ? ಮೂಲದ ಮಾತೆಷ್ಟು, ಸಂಪಾದಕನ ಮಾತೆಷ್ಟು? ಓಲೆಪ್ರತಿಗಳನ್ನು ಹೋಲಿಸಿ ಕಾವ್ಯವನ್ನು ಸಂಪಾದಿಸಿದವರಿಗೆ ಈ ಪ್ರಶ್ನೆಗಳು ಹೊಸವಲ್ಲ.

೬

ಈ ಭಂಡಾರಗಳಲ್ಲಿ ಕನ್ನಡದ ಸ್ಥಾನವೇನೆಂಬುದನ್ನು ಇನ್ನು ನೋಡಬೇಕು. ರಾಜ್ಯಾಂಗದ ೩೪೮ನೆಯ ಅನುಚ್ಛೇದದಂತೆ, ಸಂಸತ್ತು ಬೇರೆ ವಿಧಿಸುವವರೆಗೆ, ಸರ್ವೋಚ್ಚ ನ್ಯಾಯಾಲಯದ ಮತ್ತು ಉಚ್ಚ ನ್ಯಾಯಾಲಯಗಳ ಭಾಷೆ ಇಂಗ್ಲಿಷು. ರಾಜ್ಯದ ಶಾಸನಸಭೆಯು ತನ್ನ ಭಾಷೆಯಲ್ಲಿ ಅಧಿನಿಯಮವನ್ನು ಮಾಡಿದರೂ, ರಾಜ್ಯಪಾಲರ ಅಧಿಕಾರದಿಂದ ರಾಜ್ಯಪತ್ರದಲ್ಲಿ ಪ್ರಕಟವಾದ ಇಂಗ್ಲಿಷ್ ಭಾಷಾಂತರಕ್ಕೆ ಅಧಿಕೃತ ಪಾಠದ ಮರ್ಯಾದೆಯುಂಟು. ಕೇಂದ್ರದ ಅಧಿನಿಯಮಗಳ ಪ್ರಾದೇಶಿಕ ಭಾಷಾಂತರಗಳಿಗೂ ದಾರಿಯಿದೆ: ರಾಷ್ಟ್ರಪತಿಗಳ ಅಧಿಕಾರದಿಂದ ರಾಜಪತ್ರದಲ್ಲಿ ಪ್ರಕಟವಾದ ಭಾಷಾಂತರವನ್ನು ಆ ಭಾಷೆಯ ಅಧಿಕೃತ ಪಾಠವೆಂದೆಣಿಸತಕ್ಕದ್ದೆಂದು ೧೯೭೩ರ ಅಧಿನಿಯಮವೊಂದು ಹೇಳುತ್ತದೆ.

ತೀರ್ಪುಗಳ ಭಾಷಾಂತರವು ಇತ್ತೀಚಿನದು. ೨೦೧೯ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆಯ್ದ ತೀರ್ಪುಗಳನ್ನು ದೇಶಭಾಷೆಗಳಲ್ಲಿ ಪ್ರಕಟಿಸಲಾರಂಭಿಸಿದಾಗ ಮೊದಲ ಭಾಷೆಗಳಲ್ಲಿ ಕನ್ನಡವೂ ಒಂದಾಗಿತ್ತು. ಅದೇ ವರ್ಷದ ನವೆಂಬರಿನಲ್ಲಿ ‘ಸುವಾಸ್’ ಎಂಬ ಭಾಷಾಂತರಯಂತ್ರವು ಬಳಕೆಗೆ ಬಂದಿತು. ಯಂತ್ರದ ಕರಡನ್ನು ಮನುಷ್ಯರು ತಿದ್ದುವ ಕ್ರಮವಿದೆ. ಆದರೆ ಭಾಷಾಂತರಿತ ತೀರ್ಪಿನ ಜೊತೆಯಲ್ಲಿಯೇ, ಇದು ಕಕ್ಷಿಗಾರನು ತನ್ನ ಭಾಷೆಯಲ್ಲಿ ತಿಳಿದುಕೊಳ್ಳುವುದಕ್ಕೆ ಮಾತ್ರ, ಜಾರಿಗೂ ಇತರ ವ್ಯವಹಾರಕ್ಕೂ ಇಂಗ್ಲಿಷ್ ಪಾಠವೇ ಪ್ರಮಾಣ, ಎಂಬ ಎಚ್ಚರಿಕೆಯು ಇರುತ್ತದೆ. ವಿದ್ಯಾರ್ಥಿಗಳು ಇದನ್ನು ಮರೆಯಬಾರದು.

ಭಾಷಾಂತರದ ಕಷ್ಟವೆಂತಹುದೆಂಬುದಕ್ಕೆ ಒಂದು ಪ್ರಸಿದ್ಧ ಉದಾಹರಣೆಯಿದೆ. ಮೇಲ್ಮನವಿಗೆ ಅನುಮತಿಯನ್ನು ಕೊಡುವಾಗ ನ್ಯಾಯಾಲಯವು ‘ಲೀವ್ ಗ್ರಾಂಟೆಡ್’ ಎಂದು ಬರೆಯುವುದುಂಟು. ಯಂತ್ರವು ಅದನ್ನು ಹಿಂದಿಯಲ್ಲಿ ರಜೆ ಮಂಜೂರಾಯಿತೆಂಬ ಅರ್ಥದಲ್ಲಿ ಭಾಷಾಂತರಿಸಿದುದನ್ನು ನ್ಯಾಯಮೂರ್ತಿಗಳೇ ಹೇಳಿ ನಕ್ಕಿದ್ದಾರೆ. ಇಂತಹ ತಪ್ಪು ಕಣ್ಣಿಗೆ ಬೀಳುವುದರಿಂದ ಅಷ್ಟು ಅಪಾಯಕರವಲ್ಲ. ಕಣ್ಣಿಗೆ ಬೀಳದ ತಪ್ಪುಗಳೇ ಭಯಂಕರವಾದುವು. ಕನ್ನಡದ ‘ಬಿಡುಗಡೆ’ಯೆಂಬ ಮಾತನ್ನು ನೋಡಿರಿ. ಆರೋಪವನ್ನು ಹೊರಿಸಲು ಸಾಕಷ್ಟು ಆಧಾರವಿಲ್ಲವೆಂದು ವಿಚಾರಣೆಗೆ ಮೊದಲೇ ಬಿಟ್ಟರೂ ಬಿಡುಗಡೆ. ವಿಚಾರಣೆಯಾಗಿ ನಿರಪರಾಧಿಯೆಂದು ಬಿಟ್ಟರೂ ಬಿಡುಗಡೆ. ಜಾಮೀನಿನ ಮೇಲೆ ಸೆರೆಯಿಂದ ಬಿಟ್ಟರೂ ಬಿಡುಗಡೆ. ಆದರೆ ಎರಡನೆಯ ರೀತಿಯಲ್ಲಿ ಬಿಡಲ್ಪಟ್ಟವನನ್ನು ಅದೇ ಅಪರಾಧಕ್ಕಾಗಿ ಮತ್ತೆ ವಿಚಾರಿಸಲಾಗದು; ಮೊದಲನೆಯವನಿಗೆ ಆ ರಕ್ಷಣೆಯಿಲ್ಲ; ಮೂರನೆಯವನ ವಿಚಾರಣೆಯು ಇನ್ನೂ ನಡೆಯ ಬೇಕಾಗಿದೆ. ನಮ್ಮ ನ್ಯಾಯಾಲಯಗಳಲ್ಲಿ ಬಹುಕಾಲದಿಂದ ರೂಢವಾದ ‘ಖುಲಾಸೆ’ಯೆಂಬ ಪದವನ್ನು ಎರಡನೆಯದಕ್ಕೆ ನಿಯತವಾಗಿ ಬಳಸಿದರೆ ಗೊಂದಲವು ಬಹುಮಟ್ಟಿಗೆ ತಪ್ಪುವುದು. ಜಾಮೀನು, ಜಪ್ತಿ, ಫಿರ್ಯಾದಿ, ವಕಾಲತ್ತು ಮುಂತಾದ ಪಾರಸೀಕ ಅರಬೀ ಮೂಲದ ಪದಗಳನ್ನು ಅನ್ಯದೇಶ್ಯಗಳೆಂದು ಬಿಡುವುದು ಉಚಿತವಲ್ಲ; ಅವುಗಳ ಅರ್ಥಗಳು ನ್ಯಾಯಾಲಯದ ಬಳಕೆಯಿಂದ ಹದಗೊಂಡಿವೆ.

ಹಾಗೆಯೇ ‘ಕನ್ಸಿಡರೇಷನ್’ ಎಂಬುದು ಸಾಮಾನ್ಯ ಗದ್ಯದಲ್ಲಿ ಪರ್ಯಾಲೋಚನೆ, ಕರಾರಿನ ಕಾನೂನಿನಲ್ಲಿ ಪ್ರತಿಫಲ. ಕ್ರಿಯಾಪದಗಳಲ್ಲಿಯೂ ಸೂಕ್ಷ್ಮಗಳಿವೆ. ಇಂಗ್ಲಿಷ್ ಅಧಿನಿಯಮದ ‘ಶಲ್’ ಎಂಬುದಕ್ಕೆ ಕನ್ನಡ ಪಾಠಗಳಲ್ಲಿ ‘ತಕ್ಕದ್ದು’, ‘ಮೇ’ ಎಂಬುದಕ್ಕೆ ‘ಬಹುದು’ ಎಂಬ ಸಂಪ್ರದಾಯವು ನೆಲೆಗೊಂಡಿದೆ. ವಿಧಿಯನ್ನು ಸೂಚಿಸಲು ‘ತಕ್ಕದ್ದು’ ಎಂಬುದು ಒಳ್ಳೆಯ ಆಯ್ಕೆ. ‘ಬೇಕು’ ಎಂಬುದರಲ್ಲಿ ವಕ್ತೃವಿನ ಇಚ್ಛೆಯೂ ಧ್ವನಿಸುವ ಸಂಭವವಿದೆ. ‘ಬಹುದು’ ಎಂಬುದಾದರೋ ಅನುಮತಿಯನ್ನೂ ಸಂಭಾವನೆಯನ್ನೂ ಒಟ್ಟಿಗೆ ಸೂಚಿಸುವುದರಿಂದ, ‘ಅಧಿಕಾರಿಯು ರದ್ದುಪಡಿಸಬಹುದು’ ಎಂಬ ವಾಕ್ಯವನ್ನು ಸಾಮಾನ್ಯ ಓದುಗನು ರದ್ದಾಗುವ ಸಂಭವವಿದೆಯೆಂದು ತಿಳಿದಾನು. ಇವು ವೈಯಾಕರಣರು ವಿಚಾರಿಸತಕ್ಕ ವಿಷಯಗಳು.

ಭಾಷಾಂತರದ ಮೇಲೆ ನ್ಯಾಯವು ನಿಲ್ಲುವುದು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ವಿಜ್ಞಾನೇಶ್ವರನು ಸಂಸ್ಕೃತದಲ್ಲಿ ರಚಿಸಿದ ಮಿತಾಕ್ಷರೆಯ ದಾಯವಿಭಾಗವನ್ನು ಕೋಲ್‌ಬ್ರೂಕನು ೧೮೧೦ರಲ್ಲಿ ಇಂಗ್ಲಿಷಿಗೆ ಪರಿವರ್ತಿಸಿದನು. ಸಂಸ್ಕೃತವನ್ನರಿಯದ ನ್ಯಾಯಾಧೀಶರು ಬಹುಕಾಲ ಆ ಇಂಗ್ಲಿಷ್ ಪಾಠವನ್ನೇ ಆಧರಿಸಿ ಹಿಂದೂ ಕುಟುಂಬಗಳ ಆಸ್ತಿಯನ್ನು ಹಂಚಿದರು. ಮೇಲೆ ಹೇಳಿದ ಮಗಳ ಭಾಗದ ವಿವಾದವೂ ಆ ಮಿತಾಕ್ಷರ ಕುಟುಂಬಪದ್ಧತಿಗೆ ಸಂಬಂಧಿಸಿದುದೇ. ಈಗ ಪ್ರವಾಹವು ತಿರುಗಿ ಇಂಗ್ಲಿಷಿನಿಂದ ಕನ್ನಡಕ್ಕೆ ಹರಿಯುತ್ತಿದೆ. ಅಂದು ಒಬ್ಬ ಭಾಷಾಂತರಕಾರನ ಪದಗಳ ಆಯ್ಕೆಯು ಅಷ್ಟು ಕುಟುಂಬಗಳನ್ನು ಮುಟ್ಟಿದಂತೆ, ಇಂದಿನ ಆಯ್ಕೆಗಳೂ ಮುಟ್ಟದಿರಲಾರವು.

೭

ಕಡೆಯದಾಗಿ, ನವೀನವಾದ ಒಂದು ಅಪಾಯವನ್ನು ಹೇಳುವುದು ಅಗತ್ಯ. ಕೇಳಿದ ಪ್ರಶ್ನೆಗೆ ಗದ್ಯರೂಪದಲ್ಲಿ ಉತ್ತರವನ್ನು ರಚಿಸಿಕೊಡುವ ಯಂತ್ರಗಳು, ಇಲ್ಲದ ತೀರ್ಪುಗಳನ್ನು ಹೆಸರು, ಇಸವಿ, ಪುಟಗಳ ಸಮೇತ ಕಲ್ಪಿಸಿಕೊಡುವುದುಂಟು. ೨೦೨೩ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವೊಂದು, ಚಾಟ್‌ಜಿಪಿಟಿ ಎಂಬ ಯಂತ್ರವು ಕಲ್ಪಿಸಿದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ ೫,೦೦೦ ಡಾಲರುಗಳ ದಂಡವನ್ನು ವಿಧಿಸಿತು. ೨೦೨೫ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ, ಕೆಳಗಿನ ನ್ಯಾಯಾಲಯವೊಂದರ ಆದೇಶದಲ್ಲಿ ಆಧಾರವಾಗಿ ಕೊಟ್ಟಿದ್ದ ತೀರ್ಪುಗಳು ಎಲ್ಲಿಯೂ ಇಲ್ಲದವೆಂದು ಗಮನಿಸಿ ಆಕ್ಷೇಪಿಸಿತು. ಕೂಟಶಾಸನಗಳ ಚರಿತ್ರೆಯನ್ನು ಬಲ್ಲ ನಮಗೆ ಇದು ವಿಚಿತ್ರವಾಗಿ ತೋರಬೇಕಾಗಿಲ್ಲ. ಗಂಗರ ತಾಮ್ರಪಟಗಳಲ್ಲಿ ಕೆಲವು ಕೃತಕವೆಂದು ಫ್ಲೀಟನು ವಾದಿಸಿದುದು ಲಿಪಿ, ಭಾಷೆ, ಕಾಲಗಣನೆಗಳ ಪರೀಕ್ಷೆಯಿಂದ. ಇಲ್ಲಿ ಪರೀಕ್ಷೆಯು ಅದಕ್ಕಿಂತ ಸುಲಭ: ತಟಸ್ಥ ಉಲ್ಲೇಖಸಂಖ್ಯೆಯನ್ನು ಹಿಡಿದು ಅಧಿಕೃತ ಭಂಡಾರದಲ್ಲಿ ಮೂಲವನ್ನು ತೆಗೆದು ಓದಿದರೆ ಸಾಕು. ಮೂಲವು ಕಣ್ಣಿಗೆ ಬೀಳುವವರೆಗೆ ಯಾವ ತೀರ್ಪನ್ನೂ ಉಲ್ಲೇಖಿಸಕೂಡದೆಂಬುದು ವಿದ್ಯಾರ್ಥಿಗಳಿಗೆ ಮೊದಲನೆಯ ಪಾಠವಾಗಬೇಕು.

ಇದಿಷ್ಟರಿಂದ, ನ್ಯಾಯದ ಗ್ರಂಥಭಂಡಾರವು ಈಗ ಎಲ್ಲರಿಗೂ ತೆರೆದಿದೆಯೆಂಬುದೂ, ಅದನ್ನು ಓದುವ ಕ್ರಮವು ಮಾತ್ರ ಕಲಿತು ಬರಬೇಕಾದುದೆಂಬುದೂ ಸ್ಪಷ್ಟವಾಗುವುದು. ಈ ಕಾರ್ಯದಲ್ಲಿ ಕನ್ನಡ ವಿದ್ವಾಂಸರಿಗೆ ಎರಡು ಪಾಲುಗಳಿವೆ. ಕಾಲೇಜುಗಳಲ್ಲಿ ಕನ್ನಡವನ್ನು ಬೋಧಿಸುವವರು ರಾಜ್ಯದ ಅಧಿನಿಯಮವೊಂದರ ಎರಡು ಪಾಠಗಳನ್ನು ಆಗಾಗ ತರಗತಿಯಲ್ಲಿ ಹೋಲಿಸಿ ತೋರಿಸಬಹುದು. ನಿಷ್ಕೃಷ್ಟವಾದ ಗದ್ಯಕ್ಕೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ದೊರೆಯದು. ಪದವಿವೇಚನೆಯಲ್ಲಿ ಪರಿಶ್ರಮವುಳ್ಳವರು ಪ್ರಕಟವಾಗುತ್ತಿರುವ ಕನ್ನಡ ತೀರ್ಪುಗಳನ್ನು ಮೂಲದೊಡನೆ ಹೋಲಿಸಿ, ಒಂದೇ ಪಾರಿಭಾಷಿಕಕ್ಕೆ ಬೇರೆ ಬೇರೆ ಕಡೆ ಬೇರೆ ಬೇರೆ ಪದಗಳು ಬಂದಿರುವೆಡೆಗಳನ್ನು ಗುರುತಿಸಿ ಪಟ್ಟಿಮಾಡಬಹುದು. ಕೇಂದ್ರದ ಅಧಿನಿಯಮಕ್ಕೆ ಸರ್ಕಾರದ ಕನ್ನಡ ಭಾಷಾಂತರವು ಇಲ್ಲದಿದ್ದಲ್ಲಿ, ಅಥವಾ ಇದ್ದರೂ ಮಾರಾಟಕ್ಕೆ ದೊರೆಯದಿದ್ದಲ್ಲಿ, ಅದು ಸರ್ಕಾರದ ಅಂಗೀಕಾರವನ್ನು ಪಡೆದುದಲ್ಲವೆಂಬ ಸೂಚನೆಯನ್ನು ಎದ್ದುಕಾಣುವಂತೆ ಅಚ್ಚಿಸಿ ಯಾರು ಬೇಕಾದರೂ ಭಾಷಾಂತರಿಸಿ ಪ್ರಕಟಿಸಲು ಗ್ರಂಥಸ್ವಾಮ್ಯ ಅಧಿನಿಯಮವೇ ಅವಕಾಶವಿತ್ತಿದೆ. ಈ ಅವಕಾಶವನ್ನು ನಮ್ಮವರು ಸಾಕಷ್ಟು ಉಪಯೋಗಿಸಿಕೊಂಡಿಲ್ಲ.

ಕನ್ನಡಿಗನು ತನ್ನನ್ನು ಕಟ್ಟುಪಡಿಸುವ ಕಾನೂನನ್ನು ತನ್ನ ನುಡಿಯಲ್ಲಿ, ಸಂಶಯಕ್ಕೆಡೆಯಿಲ್ಲದ ಪಾಠದಲ್ಲಿ, ಓದಿ ತಿಳಿಯುವಂತಾದಾಗಲೇ ‘ಶಾಸನ’ಶಬ್ದದ ಎರಡರ್ಥಗಳೂ ಕೂಡಿದಂತಾಗುವುದು. ವಿದ್ವಾಂಸರು ಈ ಕಡೆಗೆ ತಮ್ಮ ಗಮನವನ್ನು ಹರಿಸುವರೆಂದು ನಂಬಿದ್ದೇವೆ.